ಪುಣ್ಯದ ಬೂಷ್ಟು

ಟ್ರೂಡಿಗೂ ಗಿಸ್ಬರ್ಟನಿಗೂ ಮಾತು ನಿಂತು ಹನ್ನೊಂದು ವರ್ಷವಾಗಿತ್ತು. ಮಾತು ನಿಂತಿತ್ತೇ ಹೊರತು ಜಗಳ ನಿಂತಿರಲಿಲ್ಲ. ಅದನ್ನು ನಡೆಸಿಕೊಂಡು ಹೋಗುವ ಕೆಲಸ ಡಾನುಟಾಳ ಪಾಲಿಗೆ ಬಂದಿತ್ತು.

ಡಾನುಟಾ ಪೋಲೆಂಡಿನವಳು. ಪ್ರತಿ ವರ್ಷ ದ್ರಾಕ್ಷಿ ಕೊಯ್ಲಿಗೆ ಮೆರ್ಲೆನ್‌ಬಾಖಿಗೆ ಬರುತ್ತಿದ್ದಳು. ಬೆಳಗಿನ ಹೊತ್ತು ಟ್ರೂಡಿಯ ತೋಟ, ಮಧ್ಯಾಹ್ನದ ಮೇಲೆ ಗಿಸ್ಬರ್ಟನ ತೋಟ. ಎರಡೂ ಕಾಗೆಬಂಡೆ ಎಂಬ ಕಡಿದಾದ ಗುಡ್ಡದ ಮೇಲೆ ಅಕ್ಕಪಕ್ಕದಲ್ಲೇ ಇದ್ದವು. ನಡುವೆ ಮೊಳಕಾಲೆತ್ತರದ ಸ್ಲೇಟುಕಲ್ಲಿನ ಗೋಡೆ. ಕೆಳಗೆ ಊರು, ಊರಿನ ಕಾಲಡಿ ಮೋಸೆಲ್ ನದಿ.

ಗೋಡೆಯ ಈಚೆ ನಿಂತು ಟ್ರೂಡಿ, “ಡಾನುಟಾ, ಅವನಿಗೆ ಹೇಳು, ಅವನ ಬಳ್ಳಿ ನನ್ನ ಕಡೆ ಕಾಲು ಚಾಚಿದೆ ಅಂತ” ಎನ್ನುವಳು. ಎರಡು ಮಾರು ದೂರದಲ್ಲಿ ನಿಂತ ಗಿಸ್ಬರ್ಟ್ ಅದನ್ನು ಕಿವಿಯಾರೆ ಕೇಳಿಸಿಕೊಂಡೂ ಕೇಳದವನಂತೆ ಕಾಯುವನು. ಡಾನುಟಾ ಕತ್ತರಿ ಕೆಳಗಿಟ್ಟು, “ಯಜಮಾನ್ರೇ, ನಿಮ್ಮ ಬಳ್ಳಿ ಕಾಲು ಚಾಚಿದೆಯಂತೆ” ಎಂದ ಮೇಲೆಯೇ ಅವನ ಉತ್ತರ: “ಅವಳಿಗೆ ಹೇಳು, ಬಳ್ಳಿ ಶಾಲೆಗೆ ಹೋಗಿಲ್ಲ, ಅದಕ್ಕೆ ಗಡಿ ಗೊತ್ತಾಗಲ್ಲ ಅಂತ.” ಹೀಗೆ ಜರ್ಮನ್ನಿನಿಂದ ಜರ್ಮನ್ನಿಗೇ ಭಾಷಾಂತರ ಮಾಡುವ ಕೆಲಸ ಲೋಕದಲ್ಲಿ ಡಾನುಟಾಳಿಗಲ್ಲದೆ ಇನ್ಯಾರಿಗೂ ಇದ್ದಂತಿಲ್ಲ.

ಎಲ್ಲ ಶುರುವಾದದ್ದು ಒಂದು ಪೀಚ್ ಮರದಿಂದ. ಟ್ರೂಡಿಯ ತಂದೆ ಗೋಡೆಯ ಬದಿಗೆ ನೆಟ್ಟು ಬೆಳೆಸಿದ ಕೆಂಪು ತಿರುಳಿನ ಪೀಚ್ ಅದು. ಅದರ ನೆರಳು ಗಿಸ್ಬರ್ಟನ ಮೇಲಿನ ಮೂರು ಸಾಲಿಗೆ ಬೀಳುತ್ತಿತ್ತು. ಒಂದು ಫೆಬ್ರವರಿಯ ಬೆಳಿಗ್ಗೆ ಟ್ರೂಡಿ ಗುಡ್ಡ ಹತ್ತಿ ನೋಡಿದರೆ ಮರವಿಲ್ಲ; ಬುಡ ಮಾತ್ರ ಇತ್ತು, ಅದೂ ಹೊಸ ಗಾಯದ ಹಾಗೆ ಕೆಂಪಗೆ. ಅವಳು ನೆಟ್ಟಗೆ ಗಿಸ್ಬರ್ಟನ ಮನೆಬಾಗಿಲಿಗೆ ಹೋದಳು. ಬಾಯಿಗೆ ಬಂದದ್ದನ್ನೆಲ್ಲ ಅಂದಳು. ಕೊನೆಗೆ, “ಇನ್ನು ನಿನ್ನ ಹತ್ರ ಮಾತಾಡಿದ್ರೆ ನನ್ನ ನಾಲಿಗೆ ಬಿದ್ದು ಹೋಗ್ಲಿ” ಎಂದು ಬಂದುಬಿಟ್ಟಳು. ಶಾಲೆಯಲ್ಲಿ ಒಂದೇ ಬೆಂಚಿನಲ್ಲಿ ಕೂತು ಬೆಳೆದವರು ಅವತ್ತಿನಿಂದ ಹಾವು ಮುಂಗುಸಿಯಾದರು.

ಟ್ರೂಡಿಗೆ ಈಗ ಅರವತ್ತರ ಹತ್ತಿರ. ಒಣಕಲು ಮೈ, ಚುರುಕು ಕಾಲು, ಮೂಗಿನ ತುದಿಯಲ್ಲೇ ಕೋಪ. ಅವಳ ಗಂಡ ಅಡುಗೆಮನೆಯ ಕಪಾಟು ಮಾರಲೆಂದು ಕೋಬ್ಲೆನ್ಸಿಗೆ ಹೋದವನು ಅಲ್ಲೊಬ್ಬಳ ಅಡುಗೆಮನೆಯಲ್ಲೇ ಉಳಿದುಬಿಟ್ಟಿದ್ದ. ಅದು ಹಳೆಯ ಕತೆ. ಅವನನ್ನು ಟ್ರೂಡಿ ಮರೆತಿದ್ದಳು, ಪೀಚ್ ಮರವನ್ನು ಮರೆತಿರಲಿಲ್ಲ. ಗಿಸ್ಬರ್ಟ್ ಮದುವೆಯಾದವನೇ ಅಲ್ಲ. ದಪ್ಪ ಆಸಾಮಿ, ನಿಧಾನ, ತಲೆಯ ಮೇಲೆ ಯಾವಾಗಲೂ ಒಂದು ಬೂದು ಟೋಪಿ. ಕೆಳಗಿನ ಸಾಲುಗಳಲ್ಲಿ ಅವನು ಮ್ಯೂಲರ್ ತಳಿ ಹಾಕಿದ್ದ. ಬೇಗ ಹಣ್ಣಾಗುತ್ತದೆ, ತಂಟೆ ತಕರಾರಿಲ್ಲ. ಟ್ರೂಡಿಯದು ಪೂರ್ತಿ ರೀಸ್ಲಿಂಗ್, ಹುಳಿ ಮುಂದಾದ ತಳಿ. “ರೀಸ್ಲಿಂಗ್ ಕುಡಿದ್ರೆ ಹಲ್ಲು ಎಚ್ಚರ ಆಗುತ್ತೆ, ಮ್ಯೂಲರ್ ಕುಡಿದ್ರೆ ಹಲ್ಲು ಮಲಗುತ್ತೆ ಅಂತ ಅವನಿಗೆ ಹೇಳು” ಎಂದು ಅವಳು ವರ್ಷಕ್ಕೊಮ್ಮೆಯಾದರೂ ಹೇಳಿ ಕಳಿಸದೆ ಬಿಡುತ್ತಿರಲಿಲ್ಲ. “ರಾತ್ರಿ ಹಲ್ಲು ಮಲಗಿದ್ರೇನೇ ಒಳ್ಳೇದು ಅಂತ ಅವಳಿಗೆ ಹೇಳು” ಎಂದು ಉತ್ತರ ಬರುತ್ತಿತ್ತು. ಮೇಲಿನ ಆ ಮೂರು ಸಾಲು ಮಾತ್ರ ಗಿಸ್ಬರ್ಟನ ಅಜ್ಜನ ಕಾಲದ ರೀಸ್ಲಿಂಗ್. ಅವನ್ನು ಅವನು ಕೀಳಿಸಿರಲಿಲ್ಲ.

ಆ ವರ್ಷ ಅಕ್ಟೋಬರ್ ಹೇಳಿ ಮಾಡಿಸಿದ ಹಾಗೆ ಬಂತು. ಬೆಳಿಗ್ಗೆ ನದಿಯಿಂದ ಮಂಜೆದ್ದು ಗುಡ್ಡವನ್ನೆಲ್ಲ ಒದ್ದೆ ಬಟ್ಟೆಯಂತೆ ಸುತ್ತಿಕೊಳ್ಳುತ್ತಿತ್ತು. ಮಧ್ಯಾಹ್ನದ ಹೊತ್ತಿಗೆ ಬಿಸಿಲು ಬಿದ್ದು, ಮೇಲಿನಿಂದ ತೆಳ್ಳಗೆ ಗಾಳಿ ಬೀಸಿ ಎಲ್ಲ ಒಣಗುತ್ತಿತ್ತು. ಮರುದಿನ ಮತ್ತೆ ಮಂಜು, ಮತ್ತೆ ಬಿಸಿಲು. ದ್ರಾಕ್ಷಿಗೆ ಬರುವ ಬೂಷ್ಟಿನಲ್ಲಿ ಎರಡು ಬಗೆ. ಒಂದು ಹಾಳು ಬೂಷ್ಟು, ಹಣ್ಣನ್ನು ಕೊಳೆಸಿ ಹುಳಿಯೆಬ್ಬಿಸಿ ಕೈ ಬಿಡುತ್ತದೆ. ಇನ್ನೊಂದು ಪುಣ್ಯದ ಬೂಷ್ಟು. ಅದು ಹಣ್ಣಿನ ಸಿಪ್ಪೆಗೆ ಕಾಣದಂಥ ತೂತು ಕೊರೆದು ನೀರನ್ನೆಲ್ಲ ಹಾರಿಸಿ, ಸಿಹಿಯನ್ನೂ ಹುಳಿಯನ್ನೂ ಒಳಗೇ ಕೂಡಿಡುತ್ತದೆ. ಹಣ್ಣು ಸುಕ್ಕುಗಟ್ಟಿ ನೇರಳೆ ಬಣ್ಣಕ್ಕೆ ತಿರುಗಿ, ಬೂದಿ ಬಳಿದುಕೊಂಡ ಸನ್ಯಾಸಿಯ ಹಾಗೆ ಕಾಣುತ್ತದೆ. ಅದನ್ನು ಕಂಡವರು ಮುಖ ಸಿಂಡರಿಸಿದರೆ ಅವರು ಪೇಟೆಯವರು. ಕುಣಿದಾಡಿದರೆ ಮೋಸೆಲ್ ದಂಡೆಯವರು.

ಟ್ರೂಡಿ ಕುಣಿದಾಡಿದಳು. ಆ ವಯಸ್ಸಿನಲ್ಲಿ, ಆ ಇಳಿಜಾರಿನಲ್ಲಿ ಹೇಗೆ ಕುಣಿಯಬಹುದೋ ಹಾಗೆ, ಒಂದು ಕೈಯಲ್ಲಿ ಕಂಬ ಹಿಡಿದುಕೊಂಡು.

“ಡಾನುಟಾ, ನೋಡೇ ಇಲ್ಲಿ! ಇಪ್ಪತ್ತು ವರ್ಷದಿಂದ ಇಷ್ಟು ಬಂದಿರ್ಲಿಲ್ಲ!”

“ಹೋದ ವರ್ಷನೂ ಹೀಗೇ ಅಂದಿದ್ರಿ, ಯಜಮಾನ್ತಿ.”

“ಹೋದ ವರ್ಷದ್ದು ಆಸೆ. ಇದು ಹಣ್ಣು.”

ಈ ನಾಡಿನಲ್ಲಿ ವೈನಿನ ಅಂತಸ್ತು ತೀರ್ಮಾನವಾಗುವುದು ಹಿಂಡಿದ ರಸದಲ್ಲಿ ಎಷ್ಟು ಸಿಹಿಯಿದೆ ಎಂಬುದರ ಮೇಲೆ. ಅದಕ್ಕೆ ಎಕ್ಸ್‌ಲೆ ಎಂಬ ಡಿಗ್ರಿಯ ಲೆಕ್ಕ. ಏಣಿಯ ಮೊದಲ ಮೆಟ್ಟಿಲು ಕಬಿನೆಟ್. ಆಮೇಲೆ ತಡವಾಗಿ ಕೊಯ್ದದ್ದು, ಅದರ ಮೇಲೆ ಆಯ್ದ ಗೊಂಚಲಿನದು, ಅದರ ಮೇಲೆ ಆಯ್ದ ಹಣ್ಣಿನದು. ತುತ್ತತುದಿಯಲ್ಲಿ, ಒಣಗಿದ ಹಣ್ಣನ್ನು ಒಂದೊಂದಾಗಿ ಆರಿಸಿ ಹಿಂಡಿದ್ದು: ಟ್ರೊಕೆನ್‌ಬೇರೆನ್‌ಔಸ್‌ಲೇಸೆ. ಹೆಸರು ಹೇಳಿ ಮುಗಿಸುವಷ್ಟರಲ್ಲಿ ಲೋಟ ಖಾಲಿಯಾಗುತ್ತದೆಂದು ಊರಿನವರು ಅದನ್ನು ಟೇಬೇಆ ಎಂದು ಮೊಟಕು ಮಾಡಿಕೊಂಡಿದ್ದರು. ಅದಕ್ಕೆ ನೂರೈವತ್ತು ಡಿಗ್ರಿ ಬೇಕು. ಟ್ರೂಡಿಯ ತಂದೆ ಒಮ್ಮೆ ನಾಲ್ಕನೆಯ ಮೆಟ್ಟಿಲು ಮುಟ್ಟಿದ್ದರು. ಐದನೆಯದನ್ನು ಅವರ ಬ್ರಿಕ್ಸಿಯುಸ್ ಮನೆತನದಲ್ಲಿ ಯಾರೂ ಹತ್ತಿರಲಿಲ್ಲ. ಟ್ರೂಡಿಗೆ ಮಕ್ಕಳಿಲ್ಲ, ದೊಡ್ಡ ಆಸೆಗಳೂ ಇರಲಿಲ್ಲ. ಇದೊಂದು ಇತ್ತು.

ಅವಳು ಒಂದಷ್ಟು ಒಣಹಣ್ಣು ಹಿಚುಕಿ, ಜೇಬಿನಲ್ಲಿಟ್ಟುಕೊಂಡೇ ಓಡಾಡುವ ಸಿಹಿ ನೋಡುವ ಕೊಳವೆಯ ಗಾಜಿನ ಮೇಲೆ ಹನಿ ಹಾಕಿ, ಬಿಸಿಲಿಗೆ ಹಿಡಿದು ಕಣ್ಣಿಟ್ಟಳು. ನೂರನಲವತ್ತನಾಲ್ಕು. ಬೇರೆ ಸಾಲಿನ ಹಣ್ಣು ಹಿಚುಕಿದಳು. ನೂರನಲವತ್ತನಾಲ್ಕು. ಕೊಳವೆಯನ್ನು ಒರೆಸಿದಳು, ಊದಿದಳು, ಅದರ ವಂಶವನ್ನೆಲ್ಲ ಬೈದಳು. ಅದು ನೂರನಲವತ್ತನಾಲ್ಕರಿಂದ ಅಲ್ಲಾಡಲಿಲ್ಲ.

“ಇನ್ನೊಂದು ವಾರ ಬಿಟ್ರೆ?” ಎಂದಳು ಡಾನುಟಾ.

“ಗುರುವಾರ ಮಳೆ ಅಂತೆ. ಮಳೆ ಬಿದ್ರೆ ಸಿಹಿ ತೊಳ್ಕೊಂಡು ನದಿಗೆ ಹೋಗುತ್ತೆ. ಮೀನು ಕುಡಿದು ಹಾಡು ಹೇಳ್ತವೆ.”

ಮಾರನೆಯ ದಿನ ಬುಧವಾರ. ಡಾನುಟಾ ಗುಡ್ಡಕ್ಕೆ ಬಂದವಳೇ, ಮಂಜಿನಲ್ಲಿ ಕೈ ಉಜ್ಜಿಕೊಳ್ಳುತ್ತ, ಯಾರಿಗೂ ಅಲ್ಲವೆಂಬಂತೆ ಒಂದು ಮಾತು ಬಿಟ್ಟಳು. “ನಿನ್ನೆ ಮಧ್ಯಾಹ್ನ ಆ ಯಜಮಾನ್ರೂ ಕೊಳವೆ ಹಿಡ್ಕೊಂಡು ನೋಡಿದ್ರು. ಮೇಲಿನ ಮೂರು ಸಾಲು. ನೂರೆಪ್ಪತ್ತಾರು.”

ಟ್ರೂಡಿಯ ಕೈಯಲ್ಲಿದ್ದ ಕತ್ತರಿ ಕೆಳಗೆ ಬಿತ್ತು.

“ಎಷ್ಟು?”

“ನೂರೆಪ್ಪತ್ತಾರು. ಆದ್ರೆ ಎರಡೇ ಬಕೆಟ್ಟು ಹಣ್ಣು. ಅವರು ತಲೆ ಮೇಲೆ ಕೈ ಹೊತ್ಕೊಂಡು ಕೂತಿದ್ರು. ಎರಡು ಬಕೆಟ್ಟು ಹಾಕಿದ್ರೆ ಗಾಣದ ಹಲಗೆ ಒದ್ದೆ ಆಗೋಕೂ ಸಾಲಲ್ವಂತೆ. ಮ್ಯೂಲರ್ ಜೊತೆ ಸೇರಿಸಿಬಿಡ್ತೀನಿ ಅಂದ್ರು.”

“ಮ್ಯೂಲರ್ ಜೊತೆ!” ಟ್ರೂಡಿ ಕೂಗಿದಳು. “ಅಜ್ಜನ ರೀಸ್ಲಿಂಗು, ನೂರೆಪ್ಪತ್ತಾರು, ಮ್ಯೂಲರ್ ಜೊತೆಗಾ? ಅವನಿಗೆ ತಲೆ ಸರಿ ಇದೆಯಾ?”

“ನಿಮ್ಮ ಹತ್ರ ಏಳು ಬಕೆಟ್ಟು ಆಗುತ್ತೆ” ಎಂದಳು ಡಾನುಟಾ, ಬಳ್ಳಿಯ ಕಡೆ ಮುಖ ಮಾಡಿಕೊಂಡು. “ಏಳೂ ಎರಡೂ ಒಂಬತ್ತು.”

ಟ್ರೂಡಿಗೆ ಕೂಡುವ ಲೆಕ್ಕ ಡಾನುಟಾ ಹೇಳಿಕೊಡಬೇಕಿರಲಿಲ್ಲ. ಒಂಬತ್ತು ಬಕೆಟ್ಟಿನ ಸಿಹಿ ಎಷ್ಟಾದೀತೆಂದು ಅವಳ ತಲೆ ಆಗಲೇ ಗುಣಿಸಿ ಭಾಗಿಸಿ ಮುಗಿಸಿತ್ತು. ನೂರೈವತ್ತರ ಗೆರೆ ದಾಟಿದರೆ ದಾಟಿತು, ಇಲ್ಲವಾದರೆ ಕೂದಲೆಳೆಯಲ್ಲಿ ತಪ್ಪಿತು. ಅವಳು ಒಂದು ಸಾಲು ಕೊಯ್ದಳು. ಕೊಯ್ಯುತ್ತ ಮೂರು ಸಲ ಗೋಡೆಯ ಕಡೆ ನೋಡಿದಳು. ಅಷ್ಟರಲ್ಲಿ ಗಿಸ್ಬರ್ಟನೂ ಬಂದ. ಅವತ್ತು ಅವನು ಬೆಳಿಗ್ಗೆಯೇ ಬಂದದ್ದು ಯಾಕೆಂದು ಅವಳು ಕೇಳಲಿಲ್ಲ. ಡಾನುಟಾ ಆ ಮನೆಯಲ್ಲೂ ಕೂಡುವ ಲೆಕ್ಕ ಹೇಳಿಕೊಟ್ಟಿರಬೇಕು.

“ಡಾನುಟಾ” ಎಂದಳು ಟ್ರೂಡಿ, ಗಂಟಲು ಸರಿಮಾಡಿಕೊಂಡು. “ಅವನಿಗೆ ಹೇಳು, ಒಳ್ಳೆ ಹಣ್ಣನ್ನ ಮ್ಯೂಲರಿಗೆ ಸುರಿಯೋದು ಪಾಪ ಅಂತ.”

ಡಾನುಟಾ ತಲೆಯೆತ್ತಿ ಮುಗುಳ್ನಕ್ಕಳು. “ನಿಯೆ ರೊಜುಮಿಯೆಂ” ಎಂದಳು.

“ಏನದು?”

“ಡಾನುಟಾ, ಅವಳಿಗೆ ಹೇಳು...” ಎಂದು ಆಚೆಯಿಂದ ಗಿಸ್ಬರ್ಟ್ ಶುರುಮಾಡಿದ.

ಡಾನುಟಾ ಅವನ ಕಡೆಗೂ ತಿರುಗಿ, ಅರ್ಥವಾಗಲಿಲ್ಲ ಎಂಬ ಆ ಪೋಲಿಷ್ ಮಾತನ್ನೇ ಅಂದಳು. ಆಮೇಲೆ ಪೋಲಿಷಿನಲ್ಲಿ ಇನ್ನೂ ಏನೇನೋ ಉದ್ದಕ್ಕೆ ಹೇಳಿ, ಎದೆಯ ಮೇಲೆ ಕೈಯಿಟ್ಟು, ಆಕಾಶ ತೋರಿಸಿ, ಬಕೆಟ್ಟು ಕವುಚಿಹಾಕಿ ಅದರ ಮೇಲೆ ಕೂತುಬಿಟ್ಟಳು. ಜೇಬಿನಿಂದ ಬ್ರೆಡ್ಡು ತೆಗೆದು ತಿನ್ನತೊಡಗಿದಳು. ಇಪ್ಪತ್ತು ವರ್ಷದಿಂದ ಆ ಊರಿನ ಗಾದೆ, ಬೈಗುಳ, ಚರ್ಚಿನ ಹಾಡು ಎಲ್ಲ ಬಾಯಿಪಾಠ ಮಾಡಿಕೊಂಡಿದ್ದವಳಿಗೆ ಅವತ್ತು ಬೆಳಿಗ್ಗೆ ಒಮ್ಮೆಗೇ ಜರ್ಮನ್ ಮರೆತುಹೋಗಿತ್ತು.

ಗೋಡೆಯ ಎರಡೂ ಕಡೆಯವರು ಅವಳನ್ನೇ ನೋಡಿದರು. ಎಲ್ಲೋ ಒಂದು ಕಾಗೆ ಕೂಗಿತು. ಪಶ್ಚಿಮದ ಬೆಟ್ಟಗಳ ಮೇಲೆ ಮೋಡ ಒಂದು ದಿನ ಮೊದಲೇ ದಪ್ಪಗಾಗುತ್ತಿದ್ದುದು ಇಬ್ಬರಿಗೂ ಕಾಣುತ್ತಿತ್ತು. ಟ್ರೂಡಿಗೆ ಕಿವಿಯವರೆಗೆ ಮುಖ ಬಿಸಿಯಾಯಿತು. ನಾಲಿಗೆಯನ್ನೊಮ್ಮೆ ಬಾಯೊಳಗೇ ಹೊರಳಿಸಿ ನೋಡಿಕೊಂಡಳು; ಅಲ್ಲೇ ಇತ್ತು.

“ಗಿಸ್ಬರ್ಟ್” ಎಂದಳು. “ನಿನ್ನ ಬಕೆಟ್ಟು ಎತ್ಕೊಂಡು ಈ ಕಡೆ ಬಾ.”

ಗಿಸ್ಬರ್ಟ್ ಟೋಪಿ ತೆಗೆದ, ಮತ್ತೆ ಹಾಕಿಕೊಂಡ. “ಎರಡನ್ನೂ ತರ್ಲಾ?” ಎಂದ.

“ಒಂದು ತಂದು ಇನ್ನೊಂದಕ್ಕೆ ಪೂಜೆ ಮಾಡ್ತೀಯಾ? ಎರಡನ್ನೂ ತಾ!”

ಮೂವರೂ ಬೆನ್ನು ಬಗ್ಗಿಸಿ ಮಧ್ಯಾಹ್ನದವರೆಗೆ ಕೊಯ್ದರು. ಗೊಂಚಲಿನಲ್ಲಿ ಹಸಿ ಇದ್ದದ್ದನ್ನು ಬಿಟ್ಟು ಸುಕ್ಕಾದದ್ದನ್ನು ಮಾತ್ರ ಬೆರಳ ತುದಿಯಲ್ಲಿ ಬಿಡಿಸಿ ತೆಗೆಯುವ ಕೆಲಸ. ಟ್ರೂಡಿ ಗೋಡೆ ದಾಟಿ ಗಿಸ್ಬರ್ಟನ ಮೂರು ಸಾಲಿಗೂ ಹೋದಳು. ಅಲ್ಲಿ ಬಿಸಿಲು ನೇರವಾಗಿ ಬೀಳುತ್ತಿತ್ತು, ಗಾಳಿ ತಡೆಯಿಲ್ಲದೆ ಆಡುತ್ತಿತ್ತು. ಹಣ್ಣು ಒಣದ್ರಾಕ್ಷಿಯ ಹಾಗೆ ಕೈಗಂಟುತ್ತಿತ್ತು. ಇಲ್ಲಿ ಇಷ್ಟು ಬಿಸಿಲು ಯಾಕೆ ಎಂದು ಅವಳಿಗೆ ಹೊಳೆದದ್ದು ಆಗ. ಪೀಚ್ ಮರದ ನೆರಳು ಬೀಳುತ್ತಿದ್ದ ಜಾಗ ಅದು. ಹಲ್ಲು ಕಚ್ಚಿಕೊಂಡು ಕೊಯ್ದಳು.

ಮೊದಲ ಹನಿ ಬೀಳುವ ಹೊತ್ತಿಗೆ ಒಂಬತ್ತು ಬಕೆಟ್ಟು ತುಂಬಿತ್ತು. ಡಾನುಟಾ ಕಾಲುದಾರಿಯಲ್ಲಿ ಇಳಿದು ಮುಂದೆ ಹೋದಳು, ಗಾಣ ತೊಳೆದಿಡಲು. ಬಕೆಟ್ಟುಗಳನ್ನು ಒಂಟಿಹಳಿಯ ಗಾಡಿಗೆ ಏರಿಸಿದರು. ಎರಡೂ ಮನೆಯ ಅಪ್ಪಂದಿರು ಪಾಲಿನಲ್ಲಿ ಹಾಕಿಸಿದ ಗಾಡಿ ಅದು. ಗೋಡೆಯಂಥ ಇಳಿಜಾರಿನಲ್ಲಿ ಹಲ್ಲುಹಳಿ ಕಚ್ಚಿಕೊಂಡು ಜೀರುಂಡೆಯ ಹಾಗೆ ಇಳಿಯುತ್ತದೆ. ಗಿಸ್ಬರ್ಟ್ ಮುಂದೆ ಎಂಜಿನ್ ಹತ್ತಿರ ಕೂತ. ಟ್ರೂಡಿ ಹಿಂದೆ ಬಕೆಟ್ಟುಗಳ ನಡುವೆ, ಅವನ್ನು ತಬ್ಬಿಕೊಂಡು. ಎಂಜಿನ್ ಶುರುವಾದರೆ ಪಕ್ಕದವರ ಮಾತು ಕೇಳಬೇಕೆಂದರೂ ಕಿರುಚಬೇಕು. ಹಾಗಾಗಿ ಅವಳು ಕಿರುಚಿದಳು.

“ಹೇಳದೆ ಕೇಳದೆ ಕಡಿದೆ ನೀನು!”

“ಏನು?”

“ಮರ! ಹೇಳದೆ ಕೇಳದೆ ಕಡಿದೆ!”

“ಮೂರು ಸಲ ಕೇಳಿದ್ದೆ!”

“ಯಾರನ್ನ?”

“ನಿಮ್ಮಪ್ಪನ್ನ!”

“ಅಪ್ಪನಿಗೆ ಕಿವಿ ಕೇಳ್ತಿರ್ಲಿಲ್ಲ ಕಣೋ! ಊರಿಗೆಲ್ಲ ಗೊತ್ತು!”

“ತಲೆ ಆಡಿಸಿದ್ರು!”

“ಅವರು ಎಲ್ಲದಕ್ಕೂ ತಲೆ ಆಡಿಸ್ತಿದ್ರು! ಪಾದ್ರಿ ಬಂದ್ರೂ ಆಡಿಸ್ತಿದ್ರು, ಹಾಲಿನವನು ಬಂದ್ರೂ ಆಡಿಸ್ತಿದ್ರು!”

ಗಾಡಿ ಗಡಗಡಿಸುತ್ತ ಇಳಿಯಿತು. ಟ್ರೂಡಿಗೆ ಸಿಟ್ಟಿನ ಹಿಂದೆಯೇ ಏನೋ ಒಂದು ಮೇಲಕ್ಕೆ ಉಕ್ಕಿ ಬರುತ್ತಿತ್ತು. ಅದು ನಗುವೋ ಅಳುವೋ ಅವಳಿಗೇ ತಿಳಿಯಲಿಲ್ಲ. ಜಗುಲಿಯ ಮೇಲೆ ಕೂತು ಎಲ್ಲರಿಗೂ ತಲೆಯಾಡಿಸುತ್ತಿದ್ದ ಅಪ್ಪ ಕಣ್ಣ ಮುಂದೆ ಬಂದರು.

“ಮತ್ತೆ ಅವತ್ತೇ ಯಾಕೆ ಹೇಳ್ಲಿಲ್ಲ ನೀನು?”

“ಎಲ್ಲಿ ಬಿಟ್ಟೆ ಮಾತಾಡೋಕೆ? ಬಾಗಿಲಲ್ಲಿ ನಿಂತು ಬೈದೆ, ನಾನು ಬಾಯಿ ತೆರೆಯೋಕೆ ಮುಂಚೆ ನಾಲಿಗೆ ಮೇಲೆ ಆಣೆ ಇಟ್ಟು ಹೋದೆ! ಹನ್ನೊಂದು ವರ್ಷ ನಿನ್ನ ಬೈಗುಳನ ಡಾನುಟಾ ಬಾಯಲ್ಲಿ ಕೇಳಿ ಕೇಳಿ...”

ಅಲ್ಲಿಗೆ ಎಂಜಿನ್ ಒಮ್ಮೆ ಕೆಮ್ಮಿ ನಿಂತುಹೋಯಿತು. ಗಿಸ್ಬರ್ಟನ ಗಂಟಲು ನಿಲ್ಲಲಿಲ್ಲ.

“...ಸಾಕಾಗಿದೆ ಕಣೇ ಟ್ರೂಡಿ! ನಿನ್ನ ಬಾಯಿಂದಲೇ ಬೈಸ್ಕೋಬೇಕು ನಂಗೆ!”

ಆ ಮಾತು ಬಂಡೆಗೆ ಬಡಿದು ಇಡೀ ಊರಿನ ಮೇಲೆ ಹರಡಿತು. ಕೆಳಗೆ ಚಾವಣಿ ಏರಿ ಹೆಂಚು ಸರಿಮಾಡುತ್ತಿದ್ದ ಅಲೋಯ್ಸ್, ಅಗ್ನಿಶಾಮಕ ದಳದ ವಾದ್ಯಮೇಳದಲ್ಲಿ ಟ್ಯೂಬಾ ಊದುವವನು, ಸುತ್ತಿಗೆ ನಿಲ್ಲಿಸಿದ. ಕಿಟಕಿಗಳು ಒಂದೊಂದಾಗಿ ತೆರೆದುಕೊಂಡವು. ಆಮೇಲೆ ಅಲೋಯ್ಸನ ಟ್ಯೂಬಾದಂಥದೇ ದನಿ ಕೇಳಿಬಂತು: “ಬೈಯೇ ಟ್ರೂಡಿ! ಅಷ್ಟು ಆಸೆಪಟ್ಟು ಕೇಳ್ತಾ ಇದಾನಲ್ಲ ಪಾಪ!”

ಊರಿಗೆ ಊರೇ ನಕ್ಕಿತು. ಟ್ರೂಡಿ ಬಕೆಟ್ಟುಗಳನ್ನು ತಬ್ಬಿಕೊಂಡೇ ಹೊಟ್ಟೆ ಹುಣ್ಣಾಗುವಂತೆ ನಕ್ಕಳು. ಗಿಸ್ಬರ್ಟನ ಕಿವಿ ಕೆಂಪಾಗಿ, ಎಂಜಿನ್ನಿನ ಹಗ್ಗ ಎಳೆದೆಳೆದು ಇನ್ನಷ್ಟು ಕೆಂಪಾಯಿತು.

“ಗೂಬೆ” ಎಂದಳು ಅವಳು, ಕಣ್ಣೊರೆಸಿಕೊಳ್ಳುತ್ತ. “ಇಷ್ಟು ಸಾಕಾ, ಇನ್ನೂ ಬೇಕಾ?”

“ಸದ್ಯಕ್ಕೆ ಸಾಕು” ಎಂದ ಅವನು.

ಹಿಂಡುವುದು ಟ್ರೂಡಿಯ ನೆಲಮಾಳಿಗೆಯ ಮರದ ಗಾಣದಲ್ಲಿ ಎಂದಾಯಿತು. ಒಣಹಣ್ಣು ಸುಲಭಕ್ಕೆ ರಸ ಬಿಡುವುದಿಲ್ಲ. ಗಿಸ್ಬರ್ಟ್ ತಿರುಗಣೆಯ ಮೇಲೆ ಮೈಭಾರವನ್ನೆಲ್ಲ ಹಾಕಿ ಒಂದು ಸುತ್ತು ತಿರುಗಿಸಿದ. ಏನೂ ಬರಲಿಲ್ಲ. ಇನ್ನೊಂದು ಸುತ್ತು. ಗಾಣದ ಮೂತಿಯಲ್ಲಿ ಒಂದು ಹನಿ ಕಾಣಿಸಿಕೊಂಡು, ಬೀಳಲೋ ಬೇಡವೋ ಎಂದು ಯೋಚಿಸಿ, ಕೊನೆಗೆ ಜೇನಿನಂತೆ ಎಳೆಯಾಗಿ ಇಳಿಯಿತು. ಬಣ್ಣ ಹಳೆಯ ತಾಮ್ರದ್ದು. ನೆಲಮಾಳಿಗೆಯ ತುಂಬ ಒಣ ಏಪ್ರಿಕಾಟ್, ಅಣಬೆ, ಜೇನುಮೇಣದ ವಾಸನೆ ಎದ್ದಿತು. ಮೂವರೂ ಆ ಎಳೆಯನ್ನೇ ನೋಡುತ್ತ ನಿಂತರು. ಮೇಲೆ ಮಳೆ ಧೋ ಎಂದು ಸುರಿಯುತ್ತಿತ್ತು.

ರಸ ಇಳಿಯುತ್ತಿದ್ದ ಗಾಜಿನ ಬುರುಡೆ ಅರ್ಧ ತುಂಬಿದ ಮೇಲೆ ಟ್ರೂಡಿ ಒಂದು ಹನಿಯನ್ನು ಕೊಳವೆಗೆ ಹಾಕಿ ದೀಪಕ್ಕೆ ಹಿಡಿದಳು. ಕಣ್ಣಿಟ್ಟು ನೋಡಿದಳು.

“ಎಷ್ಟು?” ಎಂದಳು ಡಾನುಟಾ. ಅವಳಿಗೆ ಜರ್ಮನ್ ಮರಳಿ ಬಂದಿತ್ತು.

ಟ್ರೂಡಿ ಕೊಳವೆಯನ್ನು ಗಿಸ್ಬರ್ಟನ ಕೈಗಿಟ್ಟಳು. “ನೀನು ನೋಡು. ನನ್ನ ಕಣ್ಣಿಗೆ ಆಸೆ ಮೆತ್ಕೊಂಡಿದೆ.”

ಅವನು ಟೋಪಿ ಹಿಂದಕ್ಕೆ ತಳ್ಳಿ ನಿಧಾನವಾಗಿ ನೋಡಿದ. ಅವನು ಯಾವುದನ್ನೂ ಬೇಗ ಮಾಡಿದವನೇ ಅಲ್ಲ. “ನೂರೈವತ್ತೊಂದು” ಎಂದ.

ಟ್ರೂಡಿ ಡಾನುಟಾಳನ್ನು ತಬ್ಬಿ ಎತ್ತಿ ಗಿರಕಿ ಹೊಡೆದಳು. ಇಳಿಸಿದ ಮೇಲೆ, ಅದೇ ವೇಗದಲ್ಲಿ, ಗಿಸ್ಬರ್ಟನನ್ನೂ ಎತ್ತಲು ಹೋದಳು. ಅದು ಆಗುವ ಕೆಲಸವಾಗಿರಲಿಲ್ಲ. ಅವನ ಬೆನ್ನಿಗೆ ಎರಡು ಗುದ್ದು ಕೊಟ್ಟಳು.

ಅಷ್ಟು ಸಿಹಿಯಾದ ರಸ ಹುದುಗು ಬರುವುದು ಬಸವನಹುಳು ಊರು ಸುತ್ತಿದ ಹಾಗೆ. ಚಳಿಗಾಲವಿಡೀ ಬುರುಡೆಯ ಬಾಯಿಗೆ ಸಿಕ್ಕಿಸಿದ ಗಾಜಿನ ನಳಿಗೆಯಲ್ಲಿ ಆಗೊಮ್ಮೆ ಈಗೊಮ್ಮೆ ‘ಬುಳಕ್’ ಎಂದು ಒಂದು ಗುಳ್ಳೆ ಏಳುತ್ತಿತ್ತು. ಅದು ಎದ್ದಿತೋ ಇಲ್ಲವೋ ಎಂದು ನೋಡಲು ಗಿಸ್ಬರ್ಟ್ ದಿನಾ ಬರತೊಡಗಿದ. ಮೊದಲು ನಿಂತುಕೊಂಡೇ ಕೇಳಿ ಹೋಗುತ್ತಿದ್ದ. ಆಮೇಲೆ ಟ್ರೂಡಿ ಒಂದು ಕುರ್ಚಿ ಇಳಿಸಿದಳು. ಆಮೇಲೆ ಇನ್ನೊಂದು. ಆಮೇಲೆ ಆಲೂಗಡ್ಡೆ ತುರಿದು ಬೇಯಿಸಿದ ಕೇಕನ್ನು ಸೇಬಿನ ಗೊಜ್ಜಿನ ಜೊತೆ ತಟ್ಟೆಯಲ್ಲಿ ಇಳಿಸಿದಳು. ಇಸ್ಪೀಟು ಬಂತು. ಇಬ್ಬರೂ ಮೋಸ ಮಾಡುತ್ತಿದ್ದರು, ಇಬ್ಬರಿಗೂ ಅದು ಗೊತ್ತಿತ್ತು.

“ಬುಳಕ್ ಅಂತು” ಎನ್ನುವನು ಅವನು.

“ನಿನ್ನ ಹೊಟ್ಟೆ ಅದು. ಎಲೆ ಹಾಕು.”

ಜಗಳವಾದದ್ದು ಸೀಸೆಯ ಚೀಟಿಯ ಮೇಲೆ. ಎರಡು ಮನೆಯ ಹಣ್ಣು ಕೂಡಿದ್ದರಿಂದ ‘ತೋಟದಲ್ಲೇ ಬೆಳೆದು ತೋಟದಲ್ಲೇ ತುಂಬಿಸಿದ್ದು’ ಎಂಬ ಗೌರವದ ಸಾಲನ್ನು ಬರೆಯುವಂತಿರಲಿಲ್ಲ. ಈ ಸುದ್ದಿ ಕೇಳಿದ ಅಲೋಯ್ಸ್, “ಅಯ್ಯೋ, ಅದಕ್ಕೇನು? ಮದುವೆ ಆಗ್ಬಿಡಿ, ಎರಡು ತೋಟ ಒಂದಾಗುತ್ತೆ” ಎಂದ.

“ಸೀಸೆ ಮೇಲಿನ ಒಂದು ಸಾಲಿಗೋಸ್ಕರ ಆ ಗೊರಕೇನ ಕಟ್ಕೊಳ್ಳಾ ನಾನು?” ಎಂದಳು ಟ್ರೂಡಿ.

“ನಾನು ಗೊರಕೆ ಹೊಡೀತೀನಿ ಅಂತ ನಿಂಗೆ ಹೇಗೆ ಗೊತ್ತು?” ಎಂದ ಗಿಸ್ಬರ್ಟ್, ನಿಜಕ್ಕೂ ಕುತೂಹಲದಿಂದ.

“ಭೂಗೋಳದ ತರಗತೀಲಿ ಹೊಡೀತಿದ್ದೆ. ನನ್ನ ಹೆಗಲ ಮೇಲೆ.”

ಹೋಗಲಿ, ಇಬ್ಬರ ಹೆಸರನ್ನೂ ಹಾಕೋಣ ಎಂದಾಯಿತು. ಯಾರದು ಮೊದಲು? ಮನೆತನದ ಹೆಸರಿನ ಅಕ್ಷರ ಹಿಡಿದರೆ ತನ್ನ ಬ್ರಿಕ್ಸಿಯುಸ್ ಮೊದಲು, ಅವನ ಟೀಲೆನ್ ಆಮೇಲೆ, ಎಂದಳು ಟ್ರೂಡಿ. ಇಟ್ಟ ಹೆಸರಿನ ಅಕ್ಷರ ಹಿಡಿದರೆ ಗಿಸ್ಬರ್ಟ್ ಮೊದಲು, ಟ್ರೂಡಿ ಆಮೇಲೆ, ಎಂದ ಅವನು. ಹಣ್ಣು ನನ್ನದು ಏಳು ಬಕೆಟ್ಟು, ಎಂದಳು. ಸಿಹಿ ನನ್ನದು ನೂರೆಪ್ಪತ್ತಾರು, ಎಂದ. ಎರಡು ದಿನ ಇಸ್ಪೀಟು ನಿಂತಿತು. ಮೂರನೆಯ ದಿನ ಟ್ರೂಡಿಗೆ ನೆಲಮಾಳಿಗೆಯಲ್ಲಿ ಒಬ್ಬಳೇ ಕೂತು ಬುಳಕ್ ಕೇಳುವುದು ಬಹಳ ಬೇಸರವೆನಿಸಿತು. ‘ಹೋಗಲಿ, ಅವನದೇ ಮೊದಲು ಹಾಕಿಸೋಣ, ಸತ್ತ ಮೇಲೆ ಹೆಸರು ಹೊತ್ತುಕೊಂಡು ಹೋಗ್ತೀನಾ’ ಎಂದುಕೊಂಡು ಕೋಟು ಹಾಕಿ ಹೊರಡುವಷ್ಟರಲ್ಲಿ ಗಿಸ್ಬರ್ಟನೇ ಅಚ್ಚಾದ ಚೀಟಿಗಳ ಕಟ್ಟು ಹಿಡಿದು ಬಾಗಿಲಲ್ಲಿ ನಿಂತಿದ್ದ. ಮುಖ ತಗ್ಗಿಸಿ ಅದನ್ನು ಮೇಜಿನ ಮೇಲಿಟ್ಟ.

ದಪ್ಪ ಅಕ್ಷರದಲ್ಲಿ, ಮೊದಲ ಸಾಲಿನಲ್ಲೇ ಅವಳ ಹೆಸರಿತ್ತು. ಕೆಳಗೆ ಅರ್ಧ ಗಾತ್ರದಲ್ಲಿ ಅವನದು. ಟ್ರೂಡಿ ಒಂದು ಚೀಟಿಯನ್ನು ಬೆಳಕಿಗೆ ಹಿಡಿದಳು. ಕನ್ನಡಕ ಹಾಕಿಕೊಂಡು ಇನ್ನೊಮ್ಮೆ ಓದಿದಳು.

“ಗಿಸ್ಬರ್ಟ್” ಎಂದಳು. “ಇದ್ಯಾರು ‘ಹಿಲ್ಡ್ರೂಟ್’?”

“ನೀನೇ.”

“ನಾನು ಹಿಲ್ಟ್ರೂಡ್ ಕಣೋ! ಟ ಮೊದಲು, ಡ ಆಮೇಲೆ!”

ಅವನು ಚೀಟಿ ನೋಡಿದ, ಅವಳನ್ನು ನೋಡಿದ. ಹುಟ್ಟಿದಾಗಿನಿಂದ ಎಲ್ಲರಿಗೂ ಟ್ರೂಡಿಯಾಗಿದ್ದವಳ ಪೂರ್ತಿ ಹೆಸರನ್ನು ಅವನು ಬರೆದದ್ದೇ ಅದು ಮೊದಲ ಸಲ. “ಐವತ್ತೈದು ವರ್ಷದಿಂದ ನಾನು ಹಾಗೇ ಅಂದ್ಕೊಂಡಿದ್ದೆ” ಎಂದ. ಟ್ರೂಡಿ ಮೇಜಿನ ಮೇಲೆ ತಲೆಯಿಟ್ಟು ನಕ್ಕಳು. ಅವಳ ಭುಜ ಕುಣಿಯುವುದನ್ನು ನೋಡಿ ಅಳುತ್ತಿದ್ದಾಳೆಂದು ಹೆದರಿದ ಗಿಸ್ಬರ್ಟ್, ನೀರು ತರಲೆಂದು ಓಡಿ ತಲೆಯನ್ನು ಬಾಗಿಲ ತೊಲೆಗೆ ಬಡಿದುಕೊಂಡ. ಚೀಟಿಗಳನ್ನು ಮತ್ತೊಮ್ಮೆ ಅಚ್ಚು ಹಾಕಿಸಿದರು.

ಜುಲೈನಲ್ಲಿ, ಸರ್ಕಾರದ ಪರೀಕ್ಷೆಗೆ ಕಳಿಸಿದ ಸೀಸೆಗಳ ಉತ್ತರ ಬಂತು. ಮೂಸಿ ನೋಡಿ, ನಾಲಿಗೆಯ ಮೇಲೆ ಹೊರಳಿಸಿ ನೋಡಿ, ಅವರು ಒಪ್ಪಿಗೆಯ ಸಂಖ್ಯೆ ಕೊಟ್ಟಿದ್ದರು. ಐದನೆಯ ಮೆಟ್ಟಿಲು. ಗೊಂಚಲಿಗೆ ಬಿಸಿಲು ತಾಗಲೆಂದು ಎಲೆ ಕೀಳುವ ಕೆಲಸಕ್ಕೆ ಈ ಸಲ ಡಾನುಟಾಳೂ ಆ ವಾರವೇ ಬಂದಿಳಿದಳು. ಟ್ರೂಡಿ ಅಂಗಳದಲ್ಲಿ ಬೆಂಚು ಹಾಕಿಸಿದಳು. ಅಲೋಯ್ಸನ ವಾದ್ಯಮೇಳ ಬಂತು, ಊರಿನ ಮುಕ್ಕಾಲು ಪಾಲು ಜನ ಬಂದರು. ಕುಡಿಯಲು ಸಾಮಾನ್ಯ ರೀಸ್ಲಿಂಗ್ ಬೇಕಾದಷ್ಟು ಇತ್ತು. ಗಿಸ್ಬರ್ಟನ ಮ್ಯೂಲರೂ ಇತ್ತು, ಟ್ರೂಡಿ ಅದನ್ನು ಸ್ವಲ್ಪ ಹಿಂದೆ, ಬಕೆಟ್ಟಿನ ಮರೆಯಲ್ಲಿಟ್ಟಿದ್ದಳು. ಮೊಟ್ಟೆಯ ಬಟ್ಟಲಿನಷ್ಟು ಪುಟ್ಟ ಲೋಟಗಳಲ್ಲಿ ಆ ಬಂಗಾರದ್ದನ್ನು ಎಲ್ಲರಿಗೂ ಒಂದೊಂದು ಗುಟುಕು ಹಂಚಿದರು.

ಮೊದಲ ಗುಟುಕು ಡಾನುಟಾಳದು ಎಂದು ಇಬ್ಬರೂ ಒಂದೇ ಬಾಯಲ್ಲಿ ಹೇಳಿದರು. ಅವಳು ಕಣ್ಣು ಮುಚ್ಚಿ ಕುಡಿದಳು. ಬಹಳ ಹೊತ್ತು ಕಣ್ಣು ತೆರೆಯಲಿಲ್ಲ. ಅಂಗಳವೆಲ್ಲ ಕಾಯಿತು.

“ಹೆಂಗಿದೆ ಹೇಳೇ ಮಾರಾಯ್ತಿ!” ಎಂದಳು ಟ್ರೂಡಿ.

“ಮೊದ್ಲು ಸಿಹಿ ಬಂತು, ಸಾಕಪ್ಪಾ ಅನ್ನೋಷ್ಟು” ಎಂದಳು ಡಾನುಟಾ. “ಆಮೇಲೆ ಹುಳಿ ಬಂದು ಅದನ್ನ ಎಳ್ಕೊಂಡು ಹೋಯ್ತು. ಈಗ ಇಬ್ರೂ ಒಟ್ಟಿಗೆ ಇದಾರೆ, ಹೋಗೋ ಲಕ್ಷಣ ಕಾಣ್ತಿಲ್ಲ.”

ಅಲೋಯ್ಸ್ ಅದಕ್ಕೆ ಏನೋ ಹೇಳಲು ಬಾಯಿ ತೆರೆದ. ಟ್ರೂಡಿ ಅವನ ಬಾಯಿಗೆ ಒಂದು ತುಂಡು ಈರುಳ್ಳಿ ಕೇಕು ತುರುಕಿದಳು.

ಅವಳು ತನ್ನ ಗುಟುಕನ್ನು ಕೊನೆಗೆ ಕುಡಿದಳು. ನಾಲಿಗೆಯ ಮೇಲೆ ಹಿಂದಿನ ಶರತ್ಕಾಲದ ಅಷ್ಟೂ ಬಿಸಿಲು ಒಟ್ಟಿಗೆ ಹರಡಿಕೊಂಡಂತಾಯಿತು. ಅಪ್ಪ ಇದ್ದಿದ್ದರೆ ತಲೆಯಾಡಿಸುತ್ತಿದ್ದರು, ಈ ಸಲವಂತೂ ಅರ್ಥವಾಗಿಯೇ. ಪಕ್ಕದಲ್ಲಿ ಕೂತಿದ್ದ ಗಿಸ್ಬರ್ಟ್ ಖಾಲಿ ಲೋಟದೊಳಗೆ ಇಣುಕುತ್ತಿದ್ದ, ಇನ್ನೂ ಏನಾದರೂ ಉಳಿದಿದೆಯೇ ಎಂಬಂತೆ.

“ಟ್ರೂಡಿ” ಎಂದ, ಲೋಟದ ಕಡೆಗೇ ನೋಡುತ್ತ. “ನಂಗೆ ಕುಣಿಯೋಕೆ ಬರಲ್ಲ.”

“ಗೊತ್ತು.”

“ಆದ್ರೂ ಕೇಳ್ತಾ ಇದೀನಿ.”

ಅಲೋಯ್ಸ್ ಕೇಕು ನುಂಗಿ ಟ್ಯೂಬಾ ಎತ್ತಿಕೊಂಡಿದ್ದ. ಮೇಳ ಒಂದು ಹಳೆಯ ಕುಣಿತದ ಮಟ್ಟು ಶುರುಮಾಡಿತು. ಟ್ರೂಡಿ ಚಪ್ಪಲಿ ಕಳಚಿ ಬೆಂಚಿನ ಕೆಳಗೆ ತಳ್ಳಿ, ಏಪ್ರನ್ನಿಗೆ ಕೈ ಒರೆಸಿಕೊಂಡು ಎದ್ದಳು. “ನನ್ನ ಕಾಲು ತುಳಿದ್ರೆ ಇಡೀ ಊರಿಗೆ ಕೇಳೋ ಹಾಗೆ ಬೈತೀನಿ ನೋಡು” ಎಂದಳು. ಅವನು ಸಂತೋಷದಿಂದ ಟೋಪಿ ತೆಗೆದು ಡಾನುಟಾಳ ಕೈಗೆ ಕೊಟ್ಟ, ಮತ್ತು ಮೊದಲ ಹೆಜ್ಜೆಯಲ್ಲೇ ತುಳಿದ.